ಸೊನ್ನೆ ಬರೆಸಿದ ಮೇಷ್ಟ್ರು

ನಮ್ಮ ನೊಣದ ಮೇಷ್ಟ್ರು ತೀರಿಕೊಂಡದ್ದು ನನಗೆ ಗೊತ್ತಾಗಿದ್ದು ಅವರ ಕರ್ಮಾಂತರವೆಲ್ಲ ಮುಗಿದ ಮೇಲೆ. ತರೀಕೆರೆಯಿಂದ ಹಳೆಯ ಸಹಪಾಠಿ ರುದ್ರಪ್ಪ ಫೋನು ಮಾಡಿ, "ಮೇಷ್ಟ್ರು ಹೋಗ್ಬಿಟ್ರು ಕಣೋ, ನಿಂಗೆ ಯಾರೂ ಹೇಳ್ಲಿಲ್ವಾ?" ಎಂದ. ಯಾರೂ ಹೇಳಿರಲಿಲ್ಲ. ಹೇಳಬೇಕಾದಷ್ಟು ಹತ್ತಿರದವನು ನಾನೆಂದು ಯಾರಿಗೂ ಅನ್ನಿಸಿರಲಾರದು. ಫೋನು ಇಟ್ಟ ಮೇಲೆ ನನಗೆ ದುಃಖಕ್ಕಿಂತ ಮೊದಲು ಬಂದದ್ದು ಸಿಟ್ಟು, ಅದೂ ನನ್ನ ಮೇಲೆಯೇ. ಅವರ ವಿಷಯದಲ್ಲಿ ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಕೂತವನು ನಾನು. ಇಲ್ಲಿ ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅವರ ಮನೆಯವರಿಗೆ ಇಷ್ಟವಾಗುತ್ತದೋ ಇಲ್ಲವೋ ತಿಳಿಯದು.

ಅರವತ್ತರ ದಶಕದ ನಡುವಿನ ಮಾತು ಇದು. ಕಡೂರಿನಲ್ಲಿ ಊರಿನ ನಾಲ್ಕು ಜನ ಅನುಕೂಲಸ್ಥರು ಸೇರಿ ಒಂದು ಕಾಲೇಜು ತೆರೆದಿದ್ದರು. ಕಟ್ಟಡ ಮೊದಲು ಕೊಬ್ಬರಿ ಮಂಡಿಯಾಗಿತ್ತು. ಬಿ.ಎಸ್ಸಿ.ಗೆ ನಾವು ಸೇರಿದ್ದು ಹನ್ನೆರಡು ಜನ, ಅದರಲ್ಲಿ ಇಬ್ಬರು ಹುಡುಗಿಯರು. ನಾನು ಶಿವನಿಯಿಂದ ಬೆಳಗಿನ ಗಾಡಿ ಹತ್ತಿ, ಬೀರೂರಿನಲ್ಲಿ ಇಳಿದು ಬೇರೆ ಗಾಡಿ ಹಿಡಿದು ಬರುತ್ತಿದ್ದೆ. ಪ್ರಾಣಿಶಾಸ್ತ್ರದ ಪ್ರಯೋಗಶಾಲೆಯ ಗೋಡೆಗೆ ಎಷ್ಟು ಸುಣ್ಣ ಬಳಿದರೂ ಕೊಬ್ಬರಿ ಎಣ್ಣೆಯ ಕಲೆ ಮತ್ತೆ ಮತ್ತೆ ಮೇಲೆದ್ದು ಬರುತ್ತಿತ್ತು. ಆ ಗೋಡೆಗೆ ಒರಗಿಸಿದ ಒಂದು ಬೀರುವಿನಲ್ಲಿ, ಅಪ್ಪ ಅಮ್ಮನ ಗುಣ ಮಕ್ಕಳಿಗೆ ಹೇಗೆ ಇಳಿದು ಬರುತ್ತದೆಂದು ತೋರಿಸಲು ಬಾಟಲಿಗಳಲ್ಲಿ ಸಾಕಿದ್ದ ಮೇಷ್ಟ್ರ ನೊಣಗಳಿದ್ದವು.

ಅವರು ತರೀಕೆರೆಯವರು. ಆಗ ಮೂವತ್ತು ದಾಟಿರಬೇಕು. ಸಣಕಲು ಆಳು, ಕುತ್ತಿಗೆ ಉದ್ದ, ತೊಟ್ಟ ಕೋಟು ಯಾವಾಗಲೂ ಒಂದಳತೆ ದೊಡ್ಡದು. ಮೈಗೆಲ್ಲ ಈಥರಿನ ವಾಸನೆ. ನೊಣಗಳಿಗೆ ಮತ್ತು ಬರಿಸುವ ಔಷಧಿ ಅದು. ಅವರು ಬಾಡಿಗೆಗಿದ್ದ ಮನೆಯ ಯಜಮಾನಿ, "ಈ ಮೇಷ್ಟ್ರು ಮನೆಯೊಳಕ್ಕೆ ಕಾಲಿಟ್ರೆ ಆಸ್ಪತ್ರೆ ಬಂದಂಗಾಗುತ್ತೆ ಕಣ್ರೀ" ಎಂದು ಬೀದಿಯವರಿಗೆಲ್ಲ ಹೇಳಿದ್ದಳು. ತರಗತಿಗೆ ಬಂದವರು ಹಾಜರಿ ಕರೆಯುವ ಮೊದಲು ಎಲ್ಲರ ಮುಖವನ್ನೂ ಒಂದು ಸುತ್ತು ನೋಡುತ್ತಿದ್ದರು. ಏನೋ ಮಾಡಿ ಬಂದವರು ಆ ನೋಟಕ್ಕೇ ತಲೆ ತಗ್ಗಿಸುತ್ತಿದ್ದೆವು. ಅವರು ಕೂಗಿದ್ದು, ಬೈದದ್ದು ನಾನು ಕಂಡಿಲ್ಲ. ಬೈದಿದ್ದರೆ ನಮಗೆ ಎಷ್ಟೋ ಹಗುರವಾಗುತ್ತಿತ್ತು. ಅವರು ಸುಮ್ಮನೆ ಕಾಯುತ್ತಿದ್ದರು. ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ಮಾತಾಡದೆ ನಿಂತುಬಿಡುತ್ತಿದ್ದರು. ಐದು ನಿಮಿಷವಾದರೂ ಸರಿಯೇ. ಹೊರಗೆ ಮಂಡಿಯ ಗಾಡಿಗಳ ಸದ್ದು ಮಾತ್ರ.

ಅವರದೊಂದು ಕಟ್ಟಪ್ಪಣೆ ಇತ್ತು. ನೊಣ ಎಣಿಸಿದ ಲೆಕ್ಕವನ್ನು ಶಾಯಿಯಲ್ಲೇ ಬರೆಯಬೇಕು, ಸೀಸದ ಕಡ್ಡಿ ಮುಟ್ಟಕೂಡದು. "ಅಳಿಸ್ಬಹುದು ಅಂತ ಗೊತ್ತಿದ್ರೆ ಕೈ ಸುಮ್ನಿರಲ್ಲ" ಎನ್ನುತ್ತಿದ್ದರು. ಒಮ್ಮೆ ರುದ್ರಪ್ಪ ತನ್ನ ಬಾಟಲಿಯ ನೊಣಗಳನ್ನು ಎಣಿಸಿ, ಪುಸ್ತಕದಲ್ಲಿ ಇರುವ ಹಾಗೆಯೇ ಕೂದಲೆಳೆಯಷ್ಟೂ ಆಚೀಚೆಯಾಗದೆ ನಾಲ್ಕಕ್ಕೊಂದು ಬೇರೆ ಥರದ್ದು ಬಂತು ಎಂದು ಬರೆದು ತಂದು ತೋರಿಸಿದ. ಮೇಷ್ಟ್ರು ಪುಟವನ್ನು ಬಹಳ ಹೊತ್ತು ನೋಡಿದರು. "ತುಂಬಾ ಚೆನ್ನಾಗಿದೆ. ಈಗ ನಿಜವಾಗ್ಲೂ ಎಣಿಸ್ಕೊಂಡು ಬಾ" ಎಂದರು. ರುದ್ರಪ್ಪನ ಮುಖ ಇಂಗು ತಿಂದ ಮಂಗನದಾಯಿತು. ಅವನು ಎಣಿಸದೇ ಬರೆದದ್ದು ಅವರಿಗೆ ಹೇಗೆ ತಿಳಿಯಿತೆಂದು ನಾವು ವಾರಗಟ್ಟಲೆ ತಲೆ ಕೆಡಿಸಿಕೊಂಡೆವು.

ವಿಕಾಸವಾದದ ಪಾಠವನ್ನು ಅವರು ಕರಿಹಲಗೆಯ ಮೇಲೆ ಶುರು ಮಾಡಲಿಲ್ಲ. ನಮ್ಮನ್ನೆಲ್ಲ ಬಸ್ಸಿನಲ್ಲಿ ಕೆಮ್ಮಣ್ಣುಗುಂಡಿಗೆ ಕರೆದುಕೊಂಡು ಹೋದರು. ಅದಿರು ಅಗೆದ ಜಾಗದಲ್ಲಿ ನೆಲವೆಲ್ಲ ಕುಂಕುಮ ಚೆಲ್ಲಿದ ಹಾಗಿತ್ತು. ಅಂಚಿನ ಹುಲ್ಲಿನಿಂದ ಮಿಡತೆಗಳು ಆ ಕೆಂಪು ನೆಲಕ್ಕೆ ಹಾರಿ ಬೀಳುತ್ತಿದ್ದವು, ಕೆಲವು ಹಸಿರು, ಕೆಲವು ಮಣ್ಣಿನ ಬಣ್ಣದವು. "ಅರ್ಧ ಗಂಟೆ ಟೈಮು. ಎಷ್ಟು ಸಿಗುತ್ತೋ ಅಷ್ಟು ಹಿಡೀರಿ" ಎಂದರು. ನಾವು ಬಿದ್ದು ಎದ್ದು ಹಿಡಿದೆವು. ಡಬ್ಬಿ ತೆರೆದರೆ ಮುಕ್ಕಾಲು ಪಾಲು ಹಸಿರು ಮಿಡತೆಗಳೇ.

"ಮಣ್ಣಿನ ಬಣ್ಣದವು ಕಮ್ಮಿ ಇದ್ವಾ?"

"ಕಣ್ಣಿಗೆ ಬೀಳ್ಲಿಲ್ಲ ಸಾರ್" ಎಂದಳು ಇಬ್ಬರು ಹುಡುಗಿಯರಲ್ಲಿ ಒಬ್ಬಳಾದ ಶಾರದ.

"ಅಷ್ಟೇ. ಈಗ ನೀವೇ ಹಕ್ಕಿ ಅಂದ್ಕೊಳ್ಳಿ. ನಾಳೆ ಈ ನೆಲದಲ್ಲಿ ಯಾವುದರ ಮರಿ ಜಾಸ್ತಿ ಇರುತ್ತೆ?"

ಅದಾದ ಮೇಲೆ ನಾನು ಆ ವಿಷಯದ ಮೇಲೆ ಎಷ್ಟೋ ಪುಸ್ತಕ ಓದಿದ್ದೇನೆ, ಮೂವತ್ತು ವರ್ಷ ಪಾಠವನ್ನೂ ಮಾಡಿದ್ದೇನೆ. ಆ ಅರ್ಧ ಗಂಟೆಗಿಂತ ಹೆಚ್ಚಿನದೇನನ್ನೂ ನನ್ನ ಹುಡುಗರಿಗೆ ಹೇಳಿಕೊಡಲು ನನಗೆ ಸಾಧ್ಯವಾಗಲಿಲ್ಲ.

ಇನ್ನು ನನ್ನ ಕತೆಗೆ ಬರಬೇಕು. ನಮ್ಮ ಬಿ.ಎಸ್ಸಿ. ತರಗತಿಗೆ ಯೂನಿವರ್ಸಿಟಿಯ ಮಾನ್ಯತೆ ಇನ್ನೂ ಸಿಕ್ಕಿರಲಿಲ್ಲ. ತಪಾಸಣೆಗೆ ಇಬ್ಬರು ಬರುವವರಿದ್ದರು. ಅವರು ಒಪ್ಪಿದರೆ ತರಗತಿ ಉಳಿಯುತ್ತದೆ, ಇಲ್ಲದಿದ್ದರೆ ಮುಚ್ಚುತ್ತದೆ, ಹನ್ನೆರಡು ಜನರ ವರ್ಷ ಮಣ್ಣುಪಾಲು. ನನ್ನ ಅಪ್ಪ ಮೊದಲೇ ಹೇಳಿಬಿಟ್ಟಿದ್ದ: "ಒಂದು ವರ್ಷ ದಂಡವಾಯ್ತು ಅಂದ್ರೆ ಪುಸ್ತಕ ಮಡಗಿ ನೇಗಿಲು ಹಿಡೀತೀಯ. ನನ್ನ ಕೇಳೋ ಹಂಗಿಲ್ಲ." ಪ್ರಾಣಿಶಾಸ್ತ್ರ ವಿಭಾಗದಲ್ಲಿ ತೋರಿಸಲಿಕ್ಕೆ ಸಾಮಾನು ಅಂತ ಹೆಚ್ಚೇನೂ ಇರಲಿಲ್ಲ. ಇದ್ದದ್ದು ಮೇಷ್ಟ್ರು ಮತ್ತು ಅವರ ನೊಣಗಳು. ತಪಾಸಣೆಯ ದಿನ ಬಂದವರ ಎದುರಿಗೇ ನಾವು ನೊಣ ಎಣಿಸಿ ತೋರಿಸಬೇಕೆಂದು ಅವರು ನಿಶ್ಚಯಿಸಿದ್ದರು.

ಪ್ರಯೋಗ ಸರಳವಾದದ್ದು. ಉದ್ದ ರೆಕ್ಕೆಯ ನೊಣಕ್ಕೂ ಗಿಡ್ಡ ರೆಕ್ಕೆಯ ನೊಣಕ್ಕೂ ಜೋಡಿ ಮಾಡಿದರೆ ಹುಟ್ಟುವ ಮಕ್ಕಳೆಲ್ಲ ಉದ್ದ ರೆಕ್ಕೆಯವೇ. ಗಿಡ್ಡತನ ಎಲ್ಲೂ ಹೋಗಿರುವುದಿಲ್ಲ, ಮಕ್ಕಳ ಒಳಗೆ ಅಡಗಿರುತ್ತದೆ. ಆ ಮಕ್ಕಳನ್ನು ತಮ್ಮತಮ್ಮೊಳಗೇ ಜೋಡಿಯಾಗಲು ಬಿಟ್ಟರೆ ಮೊಮ್ಮಕ್ಕಳಲ್ಲಿ ಹೆಚ್ಚುಕಮ್ಮಿ ನಾಲ್ಕಕ್ಕೊಂದು ಗಿಡ್ಡ ರೆಕ್ಕೆಯದು ಹೊರಬರುತ್ತದೆ. ನಮ್ಮದು ಮಕ್ಕಳ ಹಂತಕ್ಕೆ ಬಂದಿತ್ತು. ಅಷ್ಟರಲ್ಲಿ ದೀಪಾವಳಿಯ ರಜೆ ಬಂತು. ಮೇಷ್ಟ್ರು ತಂದೆಯ ತಿಥಿಗೆಂದು ಊರಿಗೆ ಹೋಗಬೇಕಿತ್ತು. ಮೂಲದ ನೊಣಗಳನ್ನು ತಾವೇ ತೆಗೆದುಕೊಂಡು ಹೋದರು. ಮಕ್ಕಳ ನೊಣಗಳಿದ್ದ ಆರು ಹಾಲಿನ ಬಾಟಲಿಗಳನ್ನು ಬುಟ್ಟಿಯಲ್ಲಿ ಒಪ್ಪವಾಗಿ ಜೋಡಿಸಿ ನನ್ನ ಕೈಗೆ ಕೊಟ್ಟರು. ಹನ್ನೆರಡು ಜನರಲ್ಲಿ ನನ್ನನ್ನೇ ಆರಿಸಿದ್ದಕ್ಕೆ ನಾನು ಉಬ್ಬಿಹೋದೆ.

"ನೆರಳಲ್ಲಿಡು. ಹತ್ತಿ ಬಿರಟೆ ತೆಗೀಬೇಡ. ಇರುವೆ ಹತ್ತದಂಗೆ ನೋಡ್ಕೋ. ಇನ್ನೇನೂ ಮಾಡ್ಬೇಡ" ಎಂದರು.

ಕಾಲೇಜಿಗೆ ಹೋದ ಮಗ ಮನೆಗೆ ನೊಣ ತುಂಬಿದ ಬಾಟಲಿ ತಂದಿದ್ದಾನೆ ಎಂದರೆ ಶಿವನಿಯಲ್ಲಿ ನನ್ನ ಗತಿ ಏನಾಗಬೇಕು? ಅಪ್ಪ ಕೇಳಿದರೆ ಏನು ಹೇಳುವುದು? ಗಾಡಿಯಲ್ಲಿ ಕೂತು ಯೋಚಿಸಿ ಯೋಚಿಸಿ, ಮನೆಗೆ ಬಂದವನು ಅಮ್ಮನಿಗೆ, "ಕಾಲೇಜಿನ ಔಷಧಿ ಇದು, ಯಾರೂ ಮುಟ್ಬೇಡಿ" ಎಂದು ಹೇಳಿ ನಡುಮನೆಯ ಗೂಡಿನಲ್ಲಿಟ್ಟೆ. ಬಾಟಲಿಗಳ ಮೇಲೆ ಒಂದು ಟವೆಲು ಹೊದಿಸಿದೆ. ಅಷ್ಟು ಸಣ್ಣ ಸುಳ್ಳು ಸಾಕಾಯಿತು.

ಮೂರನೆಯ ದಿನ ನಾನು ಅಜ್ಜಂಪುರದ ಸಂತೆಗೆ ಹೋಗಿ ಮಧ್ಯಾಹ್ನ ಬಂದೆ. ಜಗಲಿಯ ಮೇಲೆ ಆರು ಬಾಟಲಿಗಳು ಬಿಸಿಲಿಗೆ ಬಾಯಿ ಮೇಲೆ ಮಾಡಿ ಸಾಲಾಗಿ ನಿಂತು ಫಳಫಳ ಹೊಳೆಯುತ್ತಿದ್ದವು. ಒಳಗೆ ಏನೂ ಇರಲಿಲ್ಲ. ಅಮ್ಮ ಸೆರಗಿನಲ್ಲಿ ಕೈ ಒರೆಸುತ್ತಾ ಹೊರಗೆ ಬಂದಳು.

"ಅದೇನು ಔಷಧಿನೋ ಮಗ, ಪೂರ್ತಿ ನುಸಿ ಬಿದ್ದಿತ್ತು. ತಳದಲ್ಲಿ ಹುಳ ಬೇರೆ ಗುಜುಗುಜು ಅಂತಿತ್ತು. ಅದನ್ನ ಯಾರಾದ್ರೂ ಕುಡಿದ್ರೆ ಏನ್ ಗತಿ? ಎಲ್ಲಾ ತಿಪ್ಪೆಗೆ ಸುರಿದು, ಸೀಗೆಪುಡಿ ಹಾಕಿ ತೊಳೆದಿಟ್ಟಿದ್ದೀನಿ. ನಿಮ್ಮ ಮೇಷ್ಟ್ರಿಗೆ ಬೇರೆ ಕೊಡು ಅನ್ನು."

ಮನೆಗೆ ಬಂದ ಪಾತ್ರೆಯನ್ನು ತೊಳೆಯದೆ ತಿರುಗಿ ಕಳಿಸುವುದು ನಮ್ಮ ಕಡೆ ಹೆಂಗಸರ ಜಾಯಮಾನದಲ್ಲೇ ಇಲ್ಲ. ನಾನು ತಿಪ್ಪೆಗೆ ಓಡಿದೆ. ಕೋಳಿಗಳು ಹುಳಗಳನ್ನು ಒಂದೂ ಬಿಡದಂತೆ ಹೆಕ್ಕಿ ಮುಗಿಸಿ, ಇನ್ನೂ ಏನಾದರೂ ಇದೆಯೇ ಎಂದು ಕೆದಕುತ್ತಿದ್ದವು. ಅಲ್ಲೇ ಕುಕ್ಕರಿಸಿ ಕೂತುಬಿಟ್ಟೆ. ಅಮ್ಮನ ಮೇಲೆ ರೇಗುವುದಕ್ಕೂ ಬಾಯಿ ಬರಲಿಲ್ಲ. ಔಷಧಿ ಎಂದು ಹೇಳಿದವನು ನಾನೇ ತಾನೆ.

ಆಗಲೇ ಕೆಟ್ಟ ಬುದ್ಧಿ ಹೊಳೆದದ್ದು. ಕಳೆದುಹೋದ ನೊಣಗಳೆಲ್ಲ ಉದ್ದ ರೆಕ್ಕೆಯವು. ಬಾಳೆಹಣ್ಣಿನ ಮೇಲೆ ಹಾರಾಡುವ ನುಸಿಗಳೂ ಉದ್ದ ರೆಕ್ಕೆಯವೇ. ಕಣ್ಣಿಗೆ ಎರಡೂ ಒಂದೇ. ಮಾರನೆಯ ದಿನ ಬಾಟಲಿಗಳ ತಳಕ್ಕೆ ರಾಗಿ ಮುದ್ದೆ, ಬೆಲ್ಲ ಮೆತ್ತಿಕೊಂಡು ಅಜ್ಜಂಪುರಕ್ಕೆ ಹೋದೆ. ಅಲ್ಲಿ ಒಬ್ಬ ಸಾಹೇಬರ ಹಣ್ಣಿನಂಗಡಿ ಇತ್ತು. ಅಂಗಡಿಯ ಹಿಂದೆ ಕೊಳೆತ ಹಣ್ಣಿನ ರಾಶಿಯ ಮೇಲೆ ಬಾಟಲಿ ಬೋರಲು ಹಾಕಿ, ಒಳಗೆ ನುಸಿ ಹತ್ತುವುದನ್ನೇ ಕಾಯುತ್ತಾ ಕೂತೆ. ಸಾಹೇಬರು ಒಂದೆರಡು ಸಲ ಬಂದು ನೋಡಿದರು.

"ಏನಪ್ಪಾ, ಕಾಲೇಜಲ್ಲಿ ನೊಣ ಹಿಡಿಯೋದು ಕಲಿಸ್ತಾರಾ? ಇದಕ್ಕೆ ಅಷ್ಟು ದೂರ ಯಾಕೆ ಹೋಗ್ತೀಯ, ನನ್ನ ಅಂಗಡೀಲೇ ಕೂತ್ಕೋಬಹುದಿತ್ತು" ಎಂದು ನಕ್ಕರು. ನನಗೆ ಅಳು ಬರುವಂತಾಗಿತ್ತು.

ಯಾವ ಬಾಟಲಿಯಲ್ಲಿ ಯಾವ ನೊಣ ಎಂದು ಮೇಷ್ಟ್ರು ಬರೆದು ಅಂಟಿಸಿದ್ದ ಚೀಟಿಗಳನ್ನೂ ಅಮ್ಮ ಬಾಟಲಿಯ ಜೊತೆ ತೊಳೆದಿದ್ದಳು. ಮೇಷ್ಟ್ರ ಅಕ್ಷರದ ಹಾಗೆಯೇ ಬರೆದು ಹೊಸ ಚೀಟಿ ಅಂಟಿಸಿದೆ.

ರಜೆ ಮುಗಿದು ಬುಟ್ಟಿ ಒಪ್ಪಿಸಿದೆ. ಮೇಷ್ಟ್ರು ಒಂದೊಂದೇ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಲೆನ್ಸಿನಲ್ಲಿ ನೋಡಿ, ತಿರುಗಿಸಿ ಮತ್ತೆ ನೋಡಿದರು. ಆರನೆಯದನ್ನು ಕೆಳಗಿಡುವ ಹೊತ್ತಿಗೆ ನನ್ನ ಅಂಗಿ ಬೆನ್ನಿಗೆ ಅಂಟಿತ್ತು.

"ಬಾಟ್ಲಿ ತುಂಬಾ ಚೆನ್ನಾಗಿ ಇಟ್ಕೊಂಡಿದ್ದೀಯ" ಎಂದರು.

"ಹೌದು ಸಾರ್."

"ಏನಾದ್ರೂ ತೊಂದ್ರೆ ಆಯ್ತಾ?"

"ಇಲ್ಲ ಸಾರ್."

ಅವರು ಒಂದು ಕ್ಷಣ ನನ್ನ ಮುಖ ನೋಡಿ, ನೊಣಗಳನ್ನು ಹೊಸ ಆಹಾರದ ಬಾಟಲಿಗಳಿಗೆ ಬದಲಾಯಿಸಲು ಶುರು ಮಾಡಿದರು. ಪಾರಾದೆ ಅಂದುಕೊಂಡೆ. ಆ ಸಮಾಧಾನ ಬೀರೂರಿನವರೆಗೂ ಉಳಿಯಲಿಲ್ಲ. ಗಾಡಿಯಲ್ಲಿ ಕಿಟಕಿಗೆ ತಲೆಯಿಟ್ಟು ಕೂತಿದ್ದಾಗ ತಟ್ಟನೆ ಹೊಳೆಯಿತು: ಇವು ಪಾರು ಮಾಡುವ ನೊಣಗಳಲ್ಲ. ಹಣ್ಣಿನಂಗಡಿಯ ನುಸಿಯ ಒಳಗೆ ಗಿಡ್ಡತನ ಅಡಗಿಲ್ಲ. ಮೊಮ್ಮಕ್ಕಳು ಹೊರಬಂದ ದಿನ ಒಂದೇ ಒಂದು ಗಿಡ್ಡ ರೆಕ್ಕೆಯದೂ ಇರುವುದಿಲ್ಲ. ಅವು ಹೊರಬರುವ ದಿನಕ್ಕೂ ತಪಾಸಣೆಯವರು ಬರುವ ದಿನಕ್ಕೂ ಮೇಷ್ಟ್ರೇ ಸರಿಯಾಗಿ ಹೊಂದಿಸಿದ್ದರು.

ಆಮೇಲಿನ ಎರಡು ವಾರ ನನಗೆ ಅನ್ನ ರುಚಿಸಲಿಲ್ಲ. ಬೀರುವಿನ ಬಾಗಿಲು ತೆರೆದಾಗಲೆಲ್ಲ ನನ್ನ ಕಣ್ಣು ಆ ಬಾಟಲಿಗಳ ಮೇಲೆಯೇ. ಮೊದಲು ಹುಳ ಕಾಣಿಸಿದವು, ಆಮೇಲೆ ಗಾಜಿಗೆ ಹತ್ತಿ ಕೂತ ಕಂದು ಗೂಡುಗಳು. ಹುಡುಗರೆಲ್ಲ ಖುಷಿಯಿಂದ ನೋಡುತ್ತಿದ್ದರೆ ನನಗೆ ಯಾರೋ ದಿನ ಎಣಿಸಿ ಹೇಳುತ್ತಿರುವ ಹಾಗಾಗುತ್ತಿತ್ತು. ಒಂದು ದಿನ ತರಗತಿಯಲ್ಲಿ ಮೇಷ್ಟ್ರು ನನ್ನನ್ನೇ ಎಬ್ಬಿಸಿ ನಿಲ್ಲಿಸಿದರು.

"ಮೊಮ್ಮಕ್ಕಳಲ್ಲಿ ಎಷ್ಟು ಗಿಡ್ಡ ರೆಕ್ಕೆ ಬರ್ಬೇಕು?"

"ನಾಲ್ಕಕ್ಕೊಂದು ಸಾರ್."

"ಒಂದೂ ಬರ್ಲಿಲ್ಲ ಅಂದ್ರೆ?"

ಅವರು ಕಾದರು. ಎಂದಿನಂತೆ ಕೈ ಕಟ್ಟಿ, ನನ್ನನ್ನೇ ನೋಡುತ್ತಾ ಕಾದರು. ಕೊನೆಗೆ ಶಾರದ ತಡೆಯಲಾರದೆ, "ಅಪ್ಪ ಅಮ್ಮ ನಾವಂದ್ಕೊಂಡಿರೋರು ಅಲ್ಲ ಅಂತ ಸಾರ್" ಎಂದುಬಿಟ್ಟಳು. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಮೇಷ್ಟ್ರು ನಗಲಿಲ್ಲ. "ಕೂತ್ಕೋ" ಎಂದರು ನನಗೆ.

ಇನ್ನೊಂದು ಸಂಜೆ ನಾನು ಸ್ಟೇಷನ್ನಿನ ಬೆಂಚಿನ ಮೇಲೆ ಗಾಡಿ ಕಾಯುತ್ತಿದ್ದಾಗ ಬಂದು ಪಕ್ಕದಲ್ಲಿ ಕೂತರು. ಅವರಿಗೆ ಸ್ಟೇಷನ್ನಿನಲ್ಲಿ ಕೆಲಸವೇನೂ ಇರಲಿಲ್ಲ. ಮನೆಯಲ್ಲಿ ಯಾರ್ಯಾರಿದ್ದೀರಿ ಎಂದು ಕೇಳಿದರು. ಅಪ್ಪ ಏನು ಬೆಳೆಯುತ್ತಾರೆ, ಅಮ್ಮ ಹೇಗಿದ್ದಾರೆ ಎಂದರು. ಕಡ್ಲೆಕಾಯಿ ಕೊಂಡು ಅರ್ಧ ನನ್ನ ಕೈಗೆ ಸುರಿದರು. ಆಮೇಲೆ ಇಬ್ಬರೂ ಸಿಪ್ಪೆ ಬಿಡಿಸುತ್ತಾ ಕೂತೆವು. ಈಗ ಹೇಳಿಬಿಡಬೇಕು, ಈಗ ಹೇಳಿಬಿಡಬೇಕು ಎಂದು ನಾಲಗೆಯ ತುದಿಯವರೆಗೂ ಬಂದಿತ್ತು. ಅಷ್ಟರಲ್ಲಿ ಗಾಡಿ ಬಂತು. ನಾನು ಬದುಕಿದೆಯಾ ಬಡಜೀವವೇ ಎಂದು ಓಡಿಹೋಗಿ ಹತ್ತಿದೆ. ತಿರುಗಿ ನೋಡಿದರೆ ಅವರು ಬೆಂಚಿನ ಮೇಲೆ ಹಾಗೆಯೇ ಕೂತಿದ್ದರು.

ತಪಾಸಣೆಯ ಹಿಂದಿನ ದಿನ ಒಂದು ಬಾಟಲಿ ತೆರೆದು ಎಣಿಸಿದೆವು. ಈಥರ್ ಹಾಕಿ, ಮತ್ತು ಬಂದ ನೊಣಗಳನ್ನು ಬಿಳಿ ಪಿಂಗಾಣಿ ಬಿಲ್ಲೆಯ ಮೇಲೆ ಸುರಿದು, ಕೋಳಿ ಪುಕ್ಕದಿಂದ ಒಂದೊಂದನ್ನೇ ಸರಿಸುತ್ತಾ ನೋಡಿದೆವು. ಉದ್ದ, ಉದ್ದ, ಉದ್ದ. ಎರಡನೆಯ ಬಾಟಲಿ ತೆರೆದೆವು. ಅದೂ ಅಷ್ಟೇ. ಸುದ್ದಿ ಹೇಗೋ ಕಾಲೇಜು ಕಮಿಟಿಯ ಕಾರ್ಯದರ್ಶಿಯ ಕಿವಿಗೆ ಬಿತ್ತು. ಅವರು ಮಂಡಿಯ ದೊಡ್ಡ ವ್ಯಾಪಾರಿ, ಕಾಲೇಜು ಕಟ್ಟಲು ಮುಂದೆ ನಿಂತು ಓಡಾಡಿದವರು. ಬಿರುಸಾಗಿ ಒಳಗೆ ಬಂದರು.

"ಏನ್ರೀ ಮೇಷ್ಟ್ರೇ, ನಾಳೆ ಅವ್ರು ಬತ್ತಾರೆ, ಇವತ್ತು ಹಿಂಗಂತೀರಲ್ರೀ?"

"ಬಂದದ್ದನ್ನ ತೋರಿಸ್ತೀನಿ" ಎಂದರು ಮೇಷ್ಟ್ರು.

"ಆ ಗಿಡ್ಡ ರೆಕ್ಕೆವು ನಿಮ್ಮ ಹತ್ರ ಬೇರೆ ಬಾಟ್ಲೀಲಿ ಇದಾವಂತಲ್ಲ? ಒಂದಷ್ಟು ತೆಗೆದು ಇದಕ್ಕೆ ಸೇರಿಸಿಬಿಡಿ. ನೊಣಕ್ಕೆ ಏನು ಗುರುತು ಹಚ್ಚೆ ಹಾಕಿರ್ತೀರಾ? ಹನ್ನೆರಡು ಮಕ್ಳ ಬಾಳು ಕಣ್ರೀ ಇದು."

ಅವರು ಕೆಟ್ಟವರಲ್ಲ. ನಮ್ಮ ಮೇಲಿನ ಕಕ್ಕುಲಾತಿಗೇ ಹೇಳಿದ್ದರು. ನಾವೆಲ್ಲ ಮೇಷ್ಟ್ರ ಮುಖವನ್ನೇ ನೋಡುತ್ತಿದ್ದೆವು. ಸೇರಿಸಲಿ, ದೇವರೇ, ಸೇರಿಸಲಿ ಎಂದು ನನ್ನಷ್ಟು ಬೇಡಿಕೊಂಡವರು ಇನ್ನೊಬ್ಬರಿರಲಾರರು. ಮೇಷ್ಟ್ರು ಎದ್ದುಹೋಗಿ, ಗಿಡ್ಡ ರೆಕ್ಕೆಯ ನೊಣಗಳಿದ್ದ ಬೀರುವಿಗೆ ಬೀಗ ಹಾಕಿ, ಬೀಗದ ಕೈಯನ್ನು ಕೋಟಿನ ಜೇಬಿಗಿಟ್ಟುಕೊಂಡರು. ಆಮೇಲೆ ನಮ್ಮ ಕಡೆ ತಿರುಗಿದರು.

"ಬರ್ಕೊಳ್ಳಿ. ಗಿಡ್ಡ ರೆಕ್ಕೆ, ಸೊನ್ನೆ."

ಹನ್ನೆರಡು ಪೆನ್ನುಗಳು ಶಾಯಿಯಲ್ಲಿ ಸೊನ್ನೆ ಬರೆದವು. ಕಾರ್ಯದರ್ಶಿ ಬಾಗಿಲು ದೂಡಿಕೊಂಡು ಹೋದರು. ಅವರು ಹೋದ ರೀತಿ ನೋಡಿ ಮೇಷ್ಟ್ರ ಕೆಲಸ ಹೋಯಿತೆಂದು ರುದ್ರಪ್ಪ ಅಲ್ಲೇ ಪಿಸುಗುಟ್ಟಿದ.

ಮರುದಿನ ತಪಾಸಣೆಗೆ ಬಂದವರಲ್ಲಿ ಒಬ್ಬರು ವಯಸ್ಸಾದವರು, ಇನ್ನೊಬ್ಬರು ಚಿಕ್ಕ ವಯಸ್ಸಿನವರು. ನಾವು ಉಳಿದ ಬಾಟಲಿಗಳನ್ನು ಅವರೆದುರಿಗೇ ತೆರೆದು ಎಣಿಸಿದೆವು. ಹಿರಿಯರು ಕೈ ಹಿಂದೆ ಕಟ್ಟಿಕೊಂಡು ಮೇಜಿನಿಂದ ಮೇಜಿಗೆ ನಡೆದರು.

"ಗಿಡ್ಡ ರೆಕ್ಕೆಯವು ಎಲ್ಲಿ?"

"ಇಲ್ಲ ಸಾರ್. ಸೊನ್ನೆ" ಎಂದರು ಮೇಷ್ಟ್ರು.

"ಹಾಗಂದರೆ?"

"ಚೀಟಿಯಲ್ಲಿ ಬರೆದಿರೋ ನೊಣಗಳು ಬಾಟ್ಲಿಯಲ್ಲಿ ಇಲ್ಲ ಅಂತ. ನಡುವೆ ಎಲ್ಲೋ ಅದಲು ಬದಲಾಗಿದೆ."

"ಯಾರು ಮಾಡಿದ್ದು?"

ಮೇಷ್ಟ್ರು ನನ್ನ ಕಡೆ ನೋಡಲಿಲ್ಲ. ಮೇಜಿನ ಅಂಚಿಗೆ ಕೈಯೂರಿ, ತಮ್ಮ ಎಂದಿನ ರೀತಿಯಲ್ಲಿ ಕಾದರು. ಆ ಕೊಠಡಿಯಲ್ಲಿ ಅದು ಎಷ್ಟು ಹೊತ್ತಾಗಿರಬಹುದೋ ಕಾಣೆ. ನಾನು ಎದ್ದು ನಿಂತರೆ ಹುಡುಗರು ಮೋಸಗಾರರು ಎಂದಾಗಿ ಮಾನ್ಯತೆ ಹೋಗುತ್ತದೆ, ಎಲ್ಲರ ಒಳ್ಳೆಯದಕ್ಕೇ ನಾನು ಸುಮ್ಮನಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಅದೆಲ್ಲ ಬುರುಡೆ. ನನಗೆ ಹೆದರಿಕೆಯಾಗಿತ್ತು, ಅಷ್ಟೇ. ಬಿಲ್ಲೆಯ ಮೇಲಿನ ನೊಣಗಳಿಗೆ ಮತ್ತು ಇಳಿದು ಒಂದೆರಡು ಕಾಲಾಡಿಸತೊಡಗಿದ್ದವು. ನಾನು ಅವುಗಳನ್ನೇ ನೋಡುತ್ತಾ ಕೂತೆ.

"ಬಾಟ್ಲಿಗಳ ಜವಾಬ್ದಾರಿ ನಂದು ಸಾರ್" ಎಂದರು ಮೇಷ್ಟ್ರು. "ತಪ್ಪು ನಂದು ಅಂತಲೇ ಬರ್ಕೊಳ್ಳಿ."

ಹಿರಿಯರು ಶಾರದಳ ಪುಸ್ತಕ ಎತ್ತಿಕೊಂಡರು. "ಏನಮ್ಮಾ, ಸೊನ್ನೆ ಬಂತು ಅಂತ ಹೆದರಿಕೆಯಾಗಲಿಲ್ಲವೆ? ಒಂದಿಷ್ಟು ಸೇರಿಸಿ ಬರೆಯಬಹುದಿತ್ತಲ್ಲ?"

"ಬಂದಿದ್ದೇ ಸೊನ್ನೆ ಸಾರ್" ಎಂದಳು ಅವಳು, ಅಳುವ ದನಿಯಲ್ಲಿ.

ಅವರು ಪುಸ್ತಕವನ್ನು ಅವಳ ಕೈಗೇ ಕೊಟ್ಟು, ತಲೆಯಾಡಿಸಿ ಹೊರಗೆ ನಡೆದರು.

ಮಾನ್ಯತೆ ಸಿಕ್ಕಿತು. ತಿಂಗಳೊಳಗೆ ಕಾಗದ ಬಂತು. ಇಲ್ಲಿನ ವಿದ್ಯಾರ್ಥಿಗಳು ಕಂಡದ್ದನ್ನು ಬರೆಯಲು ಕಲಿತಿದ್ದಾರೆಂದು ಅದರಲ್ಲಿ ಮೆಚ್ಚಿ ಬರೆದಿದ್ದರಂತೆ. ಅದರ ಕೆಳಗೇ ಪ್ರಯೋಗಶಾಲೆಯ ಮೇಲ್ವಿಚಾರಣೆಯಲ್ಲಿ ಅಜಾಗ್ರತೆ ಕಂಡುಬಂತೆಂದು ಒಂದು ಸಾಲು. ಕಮಿಟಿಯವರಿಗೆ ಆ ಒಂದು ಸಾಲೇ ಸಾಕಾಯಿತು. ಮೇಷ್ಟ್ರನ್ನು ಮುಂದುವರಿಸುವುದಿಲ್ಲವೆಂದು ತಿಳಿಸಿದರು. ಹುಡುಗರು ಕಾರ್ಯದರ್ಶಿಯ ಬಳಿ ಹೋಗಿ ಬೇಡಿಕೊಂಡರು. ಆ ಗುಂಪಿನಲ್ಲಿ ನಾನೂ ಇದ್ದೆ, ಹಿಂದೆ.

ಅವರು ಹೊರಟ ದಿನ ನಾನು ಸ್ಟೇಷನ್ನಿಗೆ ಬೇಗ ಹೋದೆ. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಪಕ್ಕದಲ್ಲಿ ಹತ್ತಿ ಬಿರಟೆಯ ಬಾಟಲಿಗಳಿದ್ದ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ನಾನು ಹೋಗಿ ಎದುರಿಗೆ ನಿಂತೆ. ಔಷಧಿ ಎಂದು ಸುಳ್ಳು ಹೇಳಿದ್ದು, ಅಮ್ಮ ತೊ‌ಳೆದದ್ದು, ಅಜ್ಜಂಪುರದ ಹಣ್ಣಿನಂಗಡಿ, ಚೀಟಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

"ಸೀಗೆಪುಡಿ ಹಾಕಿ ತೊಳೆದ್ರಾ?" ಎಂದು ಅವರು ನಕ್ಕುಬಿಟ್ಟರು. ಅವರು ಹಾಗೆ ಬಾಯಿತುಂಬ ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆಮೇಲೆ ಕಣ್ಣೊರೆಸಿಕೊಂಡು, "ನಮ್ಮ ಜಾತಿ ಗಂಡು ನೊಣಕ್ಕೆ ಹೊಟ್ಟೆ ತುದಿ ಕಪ್ಪಗಿರುತ್ತೆ ಕಣಯ್ಯ. ನೀನು ತಂದವಕ್ಕೆ ಇರ್ಲಿಲ್ಲ. ಅವತ್ತು ಕಿಟಕಿ ಹತ್ರಾನೇ ಗೊತ್ತಾಯ್ತು" ಎಂದರು.

"ಗೊತ್ತಿದ್ರೂ ಯಾಕೆ ಕೇಳ್ಲಿಲ್ಲ ಸಾರ್?"

"ಕೇಳಿದ್ರೆ ಹೇಳ್ತಿದ್ದೆ ನೀನು. ಅದ್ರಲ್ಲೇನಿದೆ? ಕೇಳದೆ ಹೇಳ್ತೀಯೇನೋ ಅಂತ ಕಾದೆ."

ಗಾಡಿ ಬಂತು. ಟ್ರಂಕು ನಾನೇ ಹತ್ತಿಸಿದೆ. ಬೀರೂರಿನವರೆಗೆ ಒಂದೇ ಡಬ್ಬಿಯಲ್ಲಿ ಎದುರು ಬದುರು ಕೂತು ಹೋದೆವು. ತರೀಕೆರೆಯ ಗಾಡಿಗೆ ಬದಲಾಯಿಸುವಾಗ ಅವರು ಒಂದೇ ಪ್ರಶ್ನೆ ಕೇಳಿದರು: "ನಿಮ್ಮಮ್ಮಂಗೆ ಹೇಳಿದ್ಯಾ?" ಇಲ್ಲವೆಂದೆ. "ಪಾಪ, ಔಷಧಿ ಅಂದ್ಕೊಂಡೇ ಇದ್ದಾರೆ. ಹೋಗಿ ಹೇಳು" ಎಂದು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

ಅವತ್ತು ಸಂಜೆ ಅಮ್ಮ ರಾಗಿ ಹಸನು ಮಾಡುತ್ತಿದ್ದಳು. ಅವಳ ಪಕ್ಕ ಕೂತು ಎಲ್ಲ ಹೇಳಿದೆ. ಮೊರ ಅವಳ ಕೈಯಲ್ಲೇ ನಿಂತುಹೋಯಿತು.

"ಅಯ್ಯೋ ಶಿವನೇ, ಆ ಪುಣ್ಯಾತ್ಮನ ಕೆಲಸ ನನ್ನಿಂದ ಹೋಯ್ತೇನೋ?"

"ನಿನ್ನಿಂದ ಅಲ್ಲಮ್ಮ. ನನ್ನಿಂದ."

ಅವಳು ಮೊರವನ್ನು ಪಕ್ಕಕ್ಕಿಟ್ಟಳು. "ಹಂಗಾರೆ ಬೆಳಿಗ್ಗೆ ಗಾಡಿಗೇ ಹೋಗಿ ಆ ಕಮಿಟಿಯೋರ ಮುಂದೆ ಹೇಳ್ಬಿಡು ಮಗ. ಅವ್ರು ಮತ್ತೆ ಕರೆಸ್ಕೊಂತಾರೆ" ಎಂದಳು.

ಆಯ್ತಮ್ಮ ಎಂದೆ. ಮರುದಿನ ಬೆಳಗಿನ ಗಾಡಿಗೆ ಕಡೂರಿಗೆ ಹೋಗಿ ತರಗತಿಯಲ್ಲಿ ಕೂತೆ. ಕಾರ್ಯದರ್ಶಿಯ ಮನೆ ಕಾಲೇಜಿಗೆ ಹೋಗುವ ದಾರಿಯಲ್ಲೇ ಇತ್ತು. ಓದು ಮುಗಿಯುವವರೆಗೂ ದಿನಕ್ಕೆರಡು ಸಲ ಅದರ ಮುಂದೆಯೇ ನಡೆದೆ. ಒಳಗೆ ಹೋಗಲಿಲ್ಲ.